ಟಾರ್ಚೆಲ್ಲ ಒಂದು ಬೆರಳಿಗೆ

ಆಸ್ಪರಿ ಕಡೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬಂದಿತ್ತು. ಉದ್ಘಾಟನೆ ಆಗುವವರೆಗೆ ಊರಲ್ಲಿ ಯಾರೂ ಗಾಯ ಮಾಡಿಕೊಳ್ಳಕೂಡದು ಎಂಬಂತೆ ಅದಕ್ಕೆ ಬೀಗ ಹಾಕಿಸಿದವನು ಸರ್ಪಂಚಮ್ಮನ ಗಂಡ ಜಂಬಪ್ಪ. ಸರ್ಪಂಚಮ್ಮ ಸಹಿ ಹಾಕುತ್ತಿದ್ದಳು, ಉಳಿದದ್ದೆಲ್ಲ ಇವನದೇ. ಮಧ್ಯಾಹ್ನದ ಕಾರ್ಯಕ್ರಮಕ್ಕೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದ, ಆದೋನಿಯಿಂದ ಫೋಟೋದವನನ್ನು ಕರೆದುಕೊಂಡು. ನರ್ಸ್ ನಾಗಜ್ಯೋತಿ ಅಲ್ಲಿಯವರೆಗೂ ನಿಂತೇ ಇದ್ದಳು. ಅವಳದು ಕಾಂಟ್ರಾಕ್ಟ್ ನೌಕರಿ. ಜಂಬಪ್ಪ ಒಂದು ಮಾತು ಆಡಿದರೆ ಮನೆಗೆ ಹೋಗಬೇಕು.

ಅವನು ರಿಬ್ಬನ್ ಕತ್ತರಿಸಿ ಪೆಟ್ಟಿಗೆ ತೆರೆದದ್ದೇ ತಡ, ಕರೆಂಟು ಹೋಯಿತು. ನೂಕಾಟದಲ್ಲಿ ಬೀರುವಿನ ಗಾಜು ಒಡೆಯಿತು. ರಕ್ತ, ರಕ್ತ ಎಂದು ಜಂಬಪ್ಪ ಕೂಗಿಕೊಂಡ. ಇದ್ದಬದ್ದ ಫೋನುಗಳ ಟಾರ್ಚೆಲ್ಲ ಅವನ ಕಿರುಬೆರಳಿನ ಮೇಲೆ ಬಿದ್ದವು. ಸೂಜಿ ತಾಗಿದಷ್ಟು ಗಾಯ.

ಕಸ ಗುಡಿಸುವ ಹುಸೇನಮ್ಮ ಕೂಗಲಿಲ್ಲ, ಮೂಲೆಯಲ್ಲಿ ಕುಸಿದು ಕೂತಿದ್ದಳು. ನೆಲದ ಒದ್ದೆಗೆ ಚಪ್ಪಲಿ ಜಾರಿದಾಗಲೇ ನಾಗಜ್ಯೋತಿಗೆ ತಿಳಿದದ್ದು. ಬಗ್ಗಿ ಮುಟ್ಟಿದರೆ ಹಿಮ್ಮಡಿ ಸೀಳಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಟಾರ್ಚ್ ಇತ್ತ ಹಿಡಿಯಿರೆಂದು ಬೇಡಿಕೊಂಡಳು. ಯಜಮಾನರ ಬೆರಳನ್ನು ಕತ್ತಲಲ್ಲಿ ಬಿಡುವ ಧೈರ್ಯ ಯಾರಿಗಿದೆ? ಅವಳ ಫೋನನ್ನೂ ಯಾರೋ ಕಸಿದು ಅಲ್ಲಿಗೇ ಹಿಡಿದಿದ್ದರು.

ಪೆಟ್ಟಿಗೆಯಲ್ಲಿ ಇದ್ದದ್ದು ಒಂದಿಷ್ಟು ಹತ್ತಿ, ಒಂದೇ ಬ್ಯಾಂಡೇಜ್ ಸುರುಳಿ. ಅದಕ್ಕಾಗಿ ಜಂಬಪ್ಪ ಕೈ ಚಾಚಿಕೊಂಡು ಕೂತಿದ್ದ. ನಾಗಜ್ಯೋತಿ ಸುರುಳಿಯನ್ನು ಎಡಗೈಯಲ್ಲಿ ಅಡಗಿಸಿಕೊಂಡಳು. ಚೂರು ಹತ್ತಿಯನ್ನು ಅವನ ಬೆರಳಿಗೆ ಒತ್ತಿದಳು.

"ಕರೆಂಟ್ ಬರೋ ತನಕ ಗಟ್ಟಿ ಹಿಡ್ಕೊಂಡು ಕುಂದರ್ರಿ ಸಾರ್. ಬಿಟ್ರ ಮುಂದಿಂದು ನನ್ನ ಕೈಯಾಗಿಲ್ಲ."

ಅವನು ಉಸಿರು ಬಿಗಿಹಿಡಿದು ಕೂತ. ಇವಳು ಮೂಲೆಗೆ ಹೋಗಿ, ಅತಿಥಿಗಳಿಗೆ ತಂದಿದ್ದ ಬಾಟಲಿ ನೀರಿನಿಂದ ಹಿಮ್ಮಡಿ ತೊಳೆದು, ಗಾಜಿನ ಚೂರು ಉಳಿದಿಲ್ಲವೆಂದು ಮೆಲ್ಲಗೆ ತಡವಿ ನೋಡಿ, ಹತ್ತಿ ಒತ್ತಿ, ಸುರುಳಿ ಪೂರ್ತಿ ಬಿಗಿದಳು. ಇದು ದೊಡ್ಡವರದಲ್ಲವೇ ಎಂದು ಹುಸೇನಮ್ಮ ಕಾಲು ಎಳೆದುಕೊಂಡಾಗ ಗದರಿಸಿದಳು.

ಕರೆಂಟು ಬಂತು. ಜಂಬಪ್ಪ ಹತ್ತಿ ತೆಗೆದ. ಬೆರಳಲ್ಲಿ ಗಾಯವನ್ನು ಹುಡುಕಬೇಕಾಗಿತ್ತು. ಹುಸೇನಮ್ಮನ ಕಾಲು ಮಾತ್ರ ಬೆಳ್ಳಗೆ ಎದ್ದು ಕಾಣುತ್ತಿತ್ತು. ನಾಗಜ್ಯೋತಿ ಬೈಸಿಕೊಳ್ಳಲು ತಯಾರಾದಳು. ಅವನು ಬೈಯಲಿಲ್ಲ. ಹೋಗಿ ಆ ಕಾಲಿನ ಮುಂದೆ ಕೂತು ಬ್ಯಾಂಡೇಜಿನ ತುದಿ ಹಿಡಿದ, ಫೋಟೋದವನ ಕಡೆ ನೋಡಿದ, ನರ್ಸನ್ನು ಪಕ್ಕಕ್ಕೆ ಸರಿಯಲು ಹೇಳಿದ.

ಎರಡು ದಿನ ಬಿಟ್ಟು ಅವಳು ಹುಸೇನಮ್ಮನ ಪಟ್ಟಿ ಬದಲಾಯಿಸುವಾಗ ಆಸ್ಪರಿಯ ದೊಡ್ಡ ಡಾಕ್ಟರರ ಫೋನ್ ಬಂತು. ಪೇಪರಿನಲ್ಲಿ ಫೋಟೋ ನೋಡಿದ್ದರು. ಊರಿನ ಹಿರಿಯರೇ ಕೂತು ಪಟ್ಟಿ ಕಟ್ಟುವಾಗ ನರ್ಸ್ ಎಲ್ಲಿ ಹಾಳಾಗಿ ಹೋಗಿದ್ದಳೆಂದು ಕೇಳಿದರು.

ನಾಗಜ್ಯೋತಿ ಪಟ್ಟಿಯ ಕೊನೆಯ ಸುತ್ತು ಬಿಚ್ಚಿದಳು. ಹಿಮ್ಮಡಿ ನೋಡಿದಳು, ಗಾಯ ಕೀವಾಗದೆ ಕೂಡಿಕೊಳ್ಳುತ್ತಿತ್ತು.

"ತಪ್ಪಾತು ಸಾರ್," ಎಂದಳು. "ಇನ್ನ ಮ್ಯಾಲ ಫೋಟೋದಾಗ ಇರ್ತೀನಿ."