ಕಡಲೆ ನೆನೆಸಿದ ನೀರು

"ಕಡಲೆ," ಎಂದಳು ಎವಾಂಥಿಯಾ, ಮೂಗು ಬಾಯಿಗಳೆರಡರಿಂದಲೂ ಬಿಳಿ ಆವಿ ಬಿಡುತ್ತಾ.

ಅರ್ಗಿರಿಸನ ಪೆನ್ಸಿಲ್ ಕಾಗದ ಮುಟ್ಟದೆ ನಿಂತಿತು. "ಕಡಲೆಯಾ? ಅತ್ತೆ, ಸೀಸೆ ಮೇಲೆ ಅಂಜೂರ ಅಂತ ಬರೆದಿದೆ."

"ಸೀಸೆ ಮೇಲಿರೋದನ್ನ ಓದೋಕೆ ನಂಗೂ ಬರುತ್ತೆ ಅಳಿಯಾ. ಬಾಯಿಗೆ ಬಂದಿದ್ದು ಕಡಲೆ. ರಾತ್ರಿ ನೆನೆಹಾಕಿ ಬೆಳಗ್ಗೆ ಚೆಲ್ತೀವಲ್ಲ, ಆ ನೀರು."

"ಇನ್ನೊಂದ್ಸಲ ಎಳೀರಿ. ನಿಧಾನಕ್ಕೆ."

ಎವಾಂಥಿಯಾ ಕಣ್ಣು ಮುಚ್ಚಿ ಮತ್ತೊಮ್ಮೆ ಎಳೆದಳು. ಅಡುಗೆಮನೆಯ ಮೇಜಿನ ಮೇಲೆ ಚಿಮಟ, ಕತ್ತರಿ, ಹತ್ತಿಯ ಪಟ್ಟಿಗಳು, ಸಣ್ಣ ತಂತಿ ಸುರುಳಿಗಳು ಹರಡಿಕೊಂಡಿದ್ದವು. ಅವುಗಳ ನಡುವೆ ಭಾನುವಾರದ ಊಟಕ್ಕೆಂದು ಅರ್ಗಿರಿಸನ ಹೆಂಡತಿ ಸ್ಮಾರೋ ನೆನೆಹಾಕಿಟ್ಟಿದ್ದ ಪಾತ್ರೆ. ಎವಾಂಥಿಯಾ ಕಣ್ಣು ತೆರೆದು, ಆವಿ ಬಿಟ್ಟು, ತೀರ್ಪು ಕೊಟ್ಟಳು. "ಕಡಲೆನೇ. ಬರ್ಕೋ."

ಅರ್ಗಿರಿಸ್ ಬರೆದುಕೊಂಡ.

ಗ್ರೀಸಿನ ವೋಲೋಸ್ ಬಂದರಿನ ಹಿಂದಿನ ಬೀದಿಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಸಿಗರೇಟು ಬಿಟ್ಟು ಇ-ಸಿಗರೇಟಿನ ಆವಿಗೆ ಬಿದ್ದ ಮೇಲೆ ಕನ್ನಡಕದ ಚಿಮಟ, ಸ್ಕ್ರೂಡ್ರೈವರುಗಳಿಗೆ ಎರಡನೆಯ ಉದ್ಯೋಗ ಸಿಕ್ಕಿತ್ತು. ಸೇದಿ ಎಸೆಯುವ ಸಿದ್ಧ ಕೊಳವೆಗಳೆಂದರೆ ಅವನಿಗೆ ತಾತ್ಸಾರ. ಸುರುಳಿಯನ್ನು ಕೈಯಾರೆ ಸುತ್ತಿ, ಅದರೊಳಗೆ ಹತ್ತಿ ತೂರಿಸಿ, ಗಾಜಿನ ಭಾಗಕ್ಕೆ ರುಚಿ ಬೆರೆಸಿದ ದ್ರವ ತುಂಬಿ, ಬ್ಯಾಟರಿಯ ಮೇಲೆ ತಿರುಗಿಸಿ ಕೂರಿಸುವ ಟ್ಯಾಂಕುಗಳು ಮಾತ್ರ ಅವನ ಲೆಕ್ಕಕ್ಕೆ ಬರುತ್ತಿದ್ದವು. 'ಆವಿ ಬಳಗ' ಎಂಬ ಜಾಲತಾಣದಲ್ಲಿ ಅವನು ಅವುಗಳ ವಿಮರ್ಶೆ ಬರೆಯುತ್ತಿದ್ದ. ಸೋರುತ್ತದೆಯೇ, ಗಾಳಿ ಹೇಗೆ ಬರುತ್ತದೆ, ಸುರುಳಿ ಕೂರಿಸಲು ಜಾಗ ಸಾಕೇ ಎಂಬುದನ್ನು ಯಾರು ಬೇಕಾದರೂ ಬರೆಯಬಹುದಿತ್ತು. ರುಚಿಯ ವಿಷಯ ಬಂದಾಗ ಮಾತ್ರ ಬಳಗದವರು ಅರ್ಗಿರಿಸನ ಮಾತಿಗೆ ಕಾಯುತ್ತಿದ್ದರು. ಅವನನ್ನು ಅವರು ಚಿನ್ನದ ನಾಲಿಗೆ ಎಂದು ಕರೆಯುತ್ತಿದ್ದರು. ಅವನು ಅದನ್ನು ಬೇಡವೆಂದದ್ದು ಯಾರೂ ಕೇಳಿಲ್ಲ.

ಚಳಿಗಾಲದ ಕೊನೆಯಲ್ಲಿ ಬಂದ ಒಂದು ನೆಗಡಿ ಆ ಚಿನ್ನವನ್ನು ಕದ್ದುಕೊಂಡು ಹೋಯಿತು. ನೆಗಡಿ ಹೋಯಿತು, ರುಚಿ ಬರಲಿಲ್ಲ. ಸ್ಮಾರೋ ಮಾಡಿದ ಬೆಳ್ಳುಳ್ಳಿ ಹಾಕಿ ಅರೆದ ಆಲೂಗಡ್ಡೆಯನ್ನು ಎರಡು ಸಲ ಬಡಿಸಿಕೊಂಡು ತಿಂದು, "ಬೆಳ್ಳುಳ್ಳಿ ಮರೆತೆಯಾ?" ಎಂದು ಕೇಳಿದ. ಆ ಸಂಜೆ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಕೂತ ಗಿರಾಕಿಗಳೆಲ್ಲ ಕುರ್ಚಿಯಲ್ಲಿ ಹಿಂದಹಿಂದಕ್ಕೆ ಸರಿಯುತ್ತಿದ್ದರು.

ಆದರೂ ವಿಮರ್ಶೆಗೆಂದು ಟ್ಯಾಂಕುಗಳ ಪಾರ್ಸೆಲುಗಳು ಬರುವುದು ನಿಲ್ಲಲಿಲ್ಲ. ಸ್ವಲ್ಪ ದಿನ ನನ್ನ ಬದಲು ನೀನು ರುಚಿ ನೋಡು ಎಂದು ಹೆಂಡತಿಯನ್ನು ಕೇಳಿ ನೋಡಿದ. "ಪರದೆಗಳು ಸೇದ್ತಾ ಇರೋದೇ ಸಾಕು," ಎಂದಳು ಸ್ಮಾರೋ. ಉಳಿದವಳು ಅತ್ತೆ. ಗಂಡ ತೀರಿಕೊಂಡ ಮೇಲೆ ಇವರ ಜೊತೆಯಲ್ಲೇ ಇದ್ದ ಎವಾಂಥಿಯಾ ಹದಿನೇಳನೇ ವಯಸ್ಸಿನಿಂದ ಸಿಗರೇಟು ಸೇದುತ್ತಿದ್ದವಳು. ಅಳಿಯ ವಿಷಯ ಹೇಳುತ್ತಿದ್ದಂತೆ ಅವಳು ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತಳು.

ಮೊದಲನೆಯ ಟ್ಯಾಂಕಿಗೆ ಅವಳು ಹೇಳಿದ್ದು: "ಗಾಳಿಗೆ ಒಣಗಿದ ದುಪ್ಪಟಿ." ಎರಡನೆಯದಕ್ಕೆ: "ಹಬ್ಬದ ದಿನ ಪಾದ್ರಿ ಗಡ್ಡ." ಅರ್ಗಿರಿಸ್ ಅಳುಕುತ್ತಲೇ ಜಾಲತಾಣಕ್ಕೆ ಹಾಕಿದ. ಬಳಗದವರು ಹುಚ್ಚೆದ್ದು ಕುಣಿದರು. ನಾಲಿಗೆ ಈಗ ಕವಿತೆ ಬರೆಯುತ್ತಿದೆ ಎಂದರು. ಒಬ್ಬ, ತನಗೂ ಆ ಗಡ್ಡ ಸ್ಪಷ್ಟವಾಗಿ ಸಿಕ್ಕಿತೆಂದೂ ಆದರೆ ಸ್ವಲ್ಪ ಧೂಪವೂ ಇದೆಯೆಂದೂ ತಿದ್ದುಪಡಿ ಸೂಚಿಸಿದ.

ಈ ಸಲದ ಟ್ಯಾಂಕು ಅಂಥಿಂಥವರದಲ್ಲ. ಪಿರೇಯಸ್ ಹತ್ತಿರದ ಪೆರಾಮಾದಲ್ಲಿ ಹಡಗು ರಿಪೇರಿಯ ಲೇತ್ ಕೆಲಸ ಮಾಡುತ್ತಿದ್ದ ಜೀಸಿಮೋಸ್ ಎಂಬ ಮೇಸ್ತ್ರಿ, ಕೆಲಸ ಬಿಟ್ಟು, ತನ್ನದೇ ಚಿಕ್ಕ ಶೆಡ್ಡು ಹಾಕಿಕೊಂಡು ಕಡೆದು ತೆಗೆದದ್ದು. ಹೆಸರು ಗೊರ್ಗೋನಾ, ಮತ್ಸ್ಯಕನ್ಯೆ. "ಇದ್ದದ್ದು ಇದ್ದ ಹಾಗೆ ಬರೀರಿ ಅರ್ಗಿರಿಸ್ ಅವರೇ," ಎಂದಷ್ಟೇ ಫೋನಿನಲ್ಲಿ ಹೇಳಿ ಇಟ್ಟಿದ್ದ.

ಅರ್ಗಿರಿಸ್ ಹತ್ತಿ ಬದಲಾಯಿಸಿದ, ಟ್ಯಾಂಕು ತೊಳೆದ, ಮತ್ತೆ ಅತ್ತೆಗೆ ಕೊಟ್ಟ. ಕಡಲೆಯೇ. ಕೊನೆಗೆ ಕಡೆದ ಕೆಲಸ ಚೆನ್ನಾಗಿದೆ, ಗಾಳಿ ಮೃದು ಎಂದೆಲ್ಲ ಬರೆದು ಕೊನೆಯ ಸಾಲು ಸೇರಿಸಿದ: ಅಂಜೂರ ಒಳಗೆ ಹೋಗುತ್ತದೆ, ಕಡಲೆ ನೆನೆಸಿದ ನೀರು ಹೊರಗೆ ಬರುತ್ತದೆ. ಸಾಲು ಚೆನ್ನಾಗಿದೆ ಅನ್ನಿಸಿ ಅದನ್ನೇ ಮೇಲಕ್ಕೂ ಹಾಕಿದ.

ಆ ಸಾಲು ಎಲ್ಲರ ಬಾಯಲ್ಲೂ ಓಡಾಡಿತು. ಯಾರೋ ಕಡಲೆ ಡಬ್ಬಿಗೆ ಮೀನಿನ ಬಾಲ ಅಂಟಿಸಿ ಚಿತ್ರ ಹಾಕಿದರು. ಗೊರ್ಗೋನಾ ಕೊಂಡು ವಾರಗಟ್ಟಲೆ ಖುಷಿಯಾಗಿದ್ದವರು ಕೂಡ, ಹೌದು, ಈಗ ನೋಡಿದರೆ ಏನೋ ಇದೆ ಎಂದು ಬರೆದರು. ಮುಂಗಡವಾಗಿ ಬೇಕೆಂದಿದ್ದವರು ಬೇಡವೆಂದರು. ಅರ್ಗಿರಿಸ್ ಅದನ್ನೆಲ್ಲ ಅಂಗಡಿಯಲ್ಲಿ ಕೂತು ಓದಿದ. ಮೊದಲು ನಗು ಬಂತು. ಆಮೇಲೆ ಫೋನು ನೋಡುವುದನ್ನು ಕಡಿಮೆ ಮಾಡಿದ.

ಶನಿವಾರ ಮಧ್ಯಾಹ್ನ ಮನೆಯ ಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಎತ್ತರದ, ಅಗಲ ಭುಜದ ಒಬ್ಬ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಎಷ್ಟು ತೊಳೆದರೂ ಹೋಗದ ಎಣ್ಣೆ ಕಪ್ಪಿನ ಉಗುರು.

"ಪೆರಾಮಾದ ಜೀಸಿಮೋಸ್," ಎಂದ. "ಬಸ್ಸಲ್ಲಿ ಬಂದೆ. ತೊಂದರೆ ಆಯ್ತಾ?"

ಅರ್ಗಿರಿಸ್ ಬಾಗಿಲ ಚಿಲಕ ಬಿಡಲಿಲ್ಲ. ಹೊಡೆಯಲು ಬಂದಿದ್ದಾನೆ ಎಂದುಕೊಂಡ. ಆದರೆ ಜೀಸಿಮೋಸ್ ಶೂ ಒರೆಸಿಕೊಂಡು ಒಳಗೆ ಬಂದು, ಅಡುಗೆಮನೆಯಲ್ಲಿದ್ದ ಎವಾಂಥಿಯಾಗೆ ತಲೆಬಾಗಿ, ಚೀಲದಿಂದ ಒಂದೊಂದೇ ವಸ್ತು ತೆಗೆದು ಮೇಜಿನ ಮೇಲಿಟ್ಟ. ಎರಡು ಗೊರ್ಗೋನಾ, ಒಂದು ಬ್ಯಾಟರಿ ಪೆಟ್ಟಿಗೆ, ಆಮೇಲೆ ಮುಚ್ಚಳ ಬಿಗಿದ ಮೂರು ಬಾಟಲಿ. ಮೂರರಲ್ಲೂ ಹಳದಿ ಬಣ್ಣದ ಕದಡಿದ ನೀರು.

"ಇದು ಸಣ್ಣ ಕಡಲೆದು," ಎಂದ ಬೆರಳಿಟ್ಟು. "ಇದು ದಪ್ಪದ್ದು. ಇದು ಸೋಡಾ ಹಾಕಿ ನೆನೆಸಿದ್ದು. ಯಾವುದರ ರುಚಿ ಬಂತು ಅಂತ ನೀವು ಹೇಳಿದ್ರೆ ನಂಗೆ ದಾರಿ ಸಿಗುತ್ತೆ."

ಅರ್ಗಿರಿಸ್ ಬಾಟಲಿಗಳನ್ನು ಒಂದೊಂದಾಗಿ ನೋಡಿದ.

"ಕಡಲೆಗೆ ಸೋಡಾ ಯಾರು ಹಾಕ್ತಾರೆ?" ಎಂದಳು ಎವಾಂಥಿಯಾ.

"ನಮ್ಮ ಕಡೆ ಹಾಕ್ತಾರೆ ಅಮ್ಮಾ."

"ನಿಮ್ಮ ಕಡೆಯವರಿಗೆ ತಾಳ್ಮೆ ಇಲ್ಲ ಹಾಗಾದ್ರೆ."

"ಇರಬಹುದು," ಎಂದು ಒಪ್ಪಿಕೊಂಡು ಜೀಸಿಮೋಸ್ ಅರ್ಗಿರಿಸನ ಕಡೆ ತಿರುಗಿದ. "ಮೊದಲು ಲೋಹದ್ದು ಅಂದ್ಕೊಂಡೆ. ಬೇರೆ ಸ್ಟೀಲು ತಂದು ಮತ್ತೆ ಕಡೆದೆ. ಆಮೇಲೆ ವಾಷರ್ ಅಂದ್ಕೊಂಡು ವಾಷರ್ ಬದಲಾಯಿಸ್ದೆ. ಮನೇಲಿರೋ ಪಾತ್ರೆಲೆಲ್ಲ ಕಡಲೆ ನೆನೆಹಾಕಿ, ಒಂದು ಗುಟುಕು ಆ ನೀರು, ಒಂದು ಸಲ ಗೊರ್ಗೋನಾ, ಹೀಗೆ ಕೂತೆ. ಶುರೂನಲ್ಲಿ ಏನೂ ಗೊತ್ತಾಗ್ಲಿಲ್ಲ. ನಂದು ಒರಟು ನಾಲಿಗೆ. ಆಮೇಲೆ ಬಂತು. ನೀವು ಹೇಳಿದ ಹಾಗೇ. ಈಗ ಕಾಫಿಲೂ ಬರುತ್ತೆ. ಹಲ್ಲುಜ್ಜಿದ್ರೂ ಬರುತ್ತೆ. ನನ್ನ ಹೆಂಡತಿ ಅವಳ ತಂಗಿ ಮನೆಗೆ ಹೋಗಿದಾಳೆ. ಕಡಲೆ ಮುಗೀಲಿ, ಬರ್ತೀನಿ ಅಂದಿದಾಳೆ."

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಡಾಕ್ಟರ ಮುಂದೆ ಕೂತವನ ಹಾಗೆ ಕೈಗಳೆರಡನ್ನೂ ಮೊಣಕಾಲ ಮೇಲಿಟ್ಟುಕೊಂಡಿದ್ದ. "ಬರೆದಿದ್ದು ತೆಗೀರಿ ಅಂತ ಕೇಳೋಕೆ ಬಂದಿಲ್ಲ. ಎಲ್ಲಿ ತಪ್ಪಿದೀನಿ ಅಂತ ಹೇಳಿ ಸಾಕು. ಸಿಗದಿದ್ರೆ ಶೆಡ್ಡು ಬಿಟ್ಟು ಮತ್ತೆ ಹಡಗಿನ ಕೆಲಸಕ್ಕೆ ಹೋಗ್ತೀನಿ. ಅಲ್ಲಿ ಕರೀತಾ ಇದಾರೆ."

ಬೈದಿದ್ದರೆ ಅರ್ಗಿರಿಸ್ ತಿರುಗಿ ಬೈಯುತ್ತಿದ್ದ. ಈಗ ಅವನು ಆ ಮೂರು ಬಾಟಲಿಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಒಂದರ ಮುಚ್ಚಳ ತೆಗೆದು ಗಟಗಟನೆ ಅರ್ಧ ಕುಡಿದ.

"ಹೇಗಿದೆ?" ಎಂದ ಜೀಸಿಮೋಸ್, ಮುಂದಕ್ಕೆ ಬಾಗಿ.

"ಗೊತ್ತಾಗ್ತಿಲ್ಲ ಮೇಸ್ತ್ರಿ. ನೀರು ಒದ್ದೆ ಇದೆ, ಅಷ್ಟು ಗೊತ್ತಾಗ್ತಿದೆ. ನೆಗಡಿ ಬಂದು ಹೋದಾಗಿಂದ ನಂಗೆ ಯಾವ ರುಚಿನೂ ಇಲ್ಲ. ಗೊರ್ಗೋನಾನ ನಾನು ರುಚಿ ನೋಡ್ಲೇ ಇಲ್ಲ."

"ಮತ್ತೆ ಕಡಲೆ?"

ಅರ್ಗಿರಿಸ್ ಅತ್ತೆಯ ಕಡೆ ನೋಡಿದ. ಜೀಸಿಮೋಸನೂ ನೋಡಿದ. ಎವಾಂಥಿಯಾ ಎದ್ದು ಹೋಗಿ ಆಗಲೇ ಆರಿಸಿದ್ದ ಒಲೆಯನ್ನು ಇನ್ನೊಮ್ಮೆ ಆರಿಸಿ ಬಂದಳು.

"ನಂಗೂ ಬರಲ್ಲ," ಎಂದಳು.

"ಏನು ಬರಲ್ಲ ಅತ್ತೆ?"

"ರುಚಿ. ಸಿಗರೇಟಿಗೆ ಹೋಗಿ ಎಷ್ಟೋ ವರ್ಷ ಆಯ್ತು. ಉಪ್ಪು ಗೊತ್ತಾಗುತ್ತೆ, ಜಾಸ್ತಿ ಹಾಕಿದ್ರೆ."

"ಹಾಗಾದ್ರೆ ಆ ದುಪ್ಪಟಿ?"

"ಬಾಲ್ಕನಿಲಿ ಒಣಗ್ತಾ ಇತ್ತು."

"ಪಾದ್ರಿ ಗಡ್ಡ?"

ಎವಾಂಥಿಯಾ ಗೋಡೆಯ ಮೇಲಿನ ಚರ್ಚಿನ ಕ್ಯಾಲೆಂಡರಿನತ್ತ ಗಲ್ಲ ತಿರುಗಿಸಿದಳು. ಅಲ್ಲಿ ಹಬ್ಬದ ದಿನ ನೀರಿಗೆ ಶಿಲುಬೆ ಎಸೆಯುತ್ತಿದ್ದ ಗಡ್ಡದ ಬಿಷಪ್ಪರೊಬ್ಬರು ಇದ್ದರು. "ಆವತ್ತು ಕಡಲೆ ಇಲ್ಲೇ ಇತ್ತು," ಎಂದು ಮೇಜು ತೋರಿಸಿದಳು. "ಎದುರಿಗೆ ಏನಿತ್ತೋ ಅದನ್ನ ಹೇಳ್ದೆ."

"ನನ್ನ ಯಾಕೆ ಹೀಗೆ ಆಟ ಆಡಿಸಿದ್ರಿ ಅತ್ತೆ? ಗೊತ್ತಾಗಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

"ನೀನು ಬರ್ಕೋತಿದ್ದೆ." ಅವಳು ಮೇಜಿನ ಮೇಲಿದ್ದ ಹತ್ತಿಯ ಎಳೆಯೊಂದನ್ನು ಬೆರಳಿಗೆ ಸುತ್ತತೊಡಗಿದಳು. "ಪೆನ್ಸಿಲ್ ಹಿಡ್ಕೊಂಡು, ನನ್ನ ಬಾಯೇ ನೋಡ್ತಾ ಕೂತ್ಕೋತಿದ್ದೆ. ಇಡೀ ಜನ್ಮದಲ್ಲಿ ನಾನು ಹೇಳಿದ್ದನ್ನ ಯಾರೂ ಬರ್ಕೊಂಡಿರ್ಲಿಲ್ಲ. ನಿಮ್ಮ ಮಾವ ಕೇಳಿಸ್ಕೋತಾನೂ ಇರ್ಲಿಲ್ಲ."

ಜೀಸಿಮೋಸ್ ಬಾಟಲಿಗಳನ್ನು ಒಂದೇ ಸಾಲಿಗೆ ಸರಿಪಡಿಸಿ ಇಟ್ಟ. ಅವನ ಕಿವಿಗಳು ನಿಧಾನಕ್ಕೆ ಕೆಂಪಾಗುತ್ತಿದ್ದವು.

"ನಾನು ಸೋಡಾದ್ದೂ ಕುಡ್ದೆ," ಎಂದ ಕೊನೆಗೆ. "ಮೂರು ಹೊತ್ತೂ ಕುಡ್ದೆ."

ಆ ಹೊತ್ತಿಗೆ ಪೇಟೆಯಿಂದ ಬಂದ ಸ್ಮಾರೋ, ಚೀಲ ಹಿಡಿದುಕೊಂಡೇ ಅಡುಗೆಮನೆ ಬಾಗಿಲಲ್ಲಿ ನಿಂತಳು. ಮೂವರ ಮುಖ ನೋಡಿ, ಬಾಟಲಿ ನೋಡಿ, ಮೂಗು ಸುಕ್ಕಿಸಿದಳು. "ಮತ್ತೆ ಅದೇನಾ? ಹೋದ ವಾರದಿಂದ ಪರದೆಗೆಲ್ಲ ಅಂಜೂರ ಹತ್ಕೊಂಡು ಕೂತಿದೆ."

ಜೀಸಿಮೋಸ್ ಥಟ್ಟನೆ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ಏನಂದ್ರಿ ಅಕ್ಕಾ?"

"ಅಂಜೂರ ಅಂದೆ. ಒಣಗಿದ್ದು. ಯಾಕೆ, ನೀವು ಯಾರು?"

"ಪರದೆ ಎಲ್ಲಿದೆ?" ಎಂದ ಜೀಸಿಮೋಸ್.

ಅವನು ಹಜಾರಕ್ಕೆ ಹೋಗಿ, ಕಿಟಕಿಯ ಪರದೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡು ಉಸಿರೆಳೆದ. ಅವನು ಎಷ್ಟು ಹೊತ್ತು ಪರದೆಯೊಳಗಿದ್ದನೆಂದರೆ ಸ್ಮಾರೋ ಗಂಡನನ್ನು ಕಣ್ಣಲ್ಲೇ ಪ್ರಶ್ನಿಸಿದಳು. ಹೊರಬಂದಾಗ ಅವನ ಕಣ್ಣು ಒದ್ದೆಯಾಗಿತ್ತು. "ಹೌದು," ಎಂದನಷ್ಟೇ. ಆಮೇಲೆ ಅಡುಗೆಮನೆಗೆ ಬಂದು, ಕುರ್ಚಿ ಎತ್ತಿ ನಿಲ್ಲಿಸಿ, ಅರ್ಗಿರಿಸನಿಗೆ, "ಬರೀರಿ. ಇಲ್ಲೇ, ನನ್ನ ಮುಂದೆ," ಎಂದ.

ಅರ್ಗಿರಿಸ್ ಬರೆದ. ನೆಗಡಿ, ಅತ್ತೆ, ದುಪ್ಪಟಿ, ಕ್ಯಾಲೆಂಡರು, ಒಂದನ್ನೂ ಬಿಡಲಿಲ್ಲ. ಅತ್ತೆಯ ಹೆಸರು ಬೇಡ ಎಂದು ಅಳಿಸಲು ಹೋದಾಗ ಎವಾಂಥಿಯಾ, "ಇರಲಿ ಬಿಡು, ಪೂರ್ತಿ ಹೆಸರು ಹಾಕು," ಎಂದಳು. ಚಿನ್ನದ ನಾಲಿಗೆ ಎಂಬ ಬಿರುದನ್ನು ತಾನೇ ಕೆಳಗಿಳಿಸುತ್ತಿರುವುದಾಗಿ ಕೊನೆಯಲ್ಲಿ ಬರೆದು ಗುಂಡಿ ಒತ್ತಿದ. ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು, ಹಲ್ಲು ಕೀಳಿಸಿಕೊಂಡಷ್ಟೇ ಹಗುರವೂ ಆಯಿತು.

"ಈಗ ನಾಲಿಗೆ ಬೇಡದ ಪರೀಕ್ಷೆ ಎಲ್ಲ ಮಾಡೋಣ," ಎಂದ ಆಮೇಲೆ. "ಹೋದ ಸಲ ರುಚಿ ಚಿಂತೇಲಿ ಅದನ್ನ ಸರಿಯಾಗಿ ಮಾಡ್ಲಿಲ್ಲ."

ಇಬ್ಬರೂ ಅಂಗಿ ತೋಳು ಮಡಚಿಕೊಂಡು ಕೂತರು. ಸುರುಳಿಯನ್ನು ಕೂರಿಸಿ ತೆಗೆದರು, ಹತ್ತಿಯನ್ನು ತೆಳ್ಳಗೆ ಇಟ್ಟು ನೋಡಿದರು, ದಪ್ಪಗೆ ಇಟ್ಟು ನೋಡಿದರು. ಅರ್ಗಿರಿಸ್ ಕನ್ನಡಕದಂಗಡಿಯ ಭೂತಗನ್ನಡಿ ಹಾಕಿಕೊಂಡು ತಿರುಪುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗುತ್ತಿದ್ದವು. ಎವಾಂಥಿಯಾ ಕಾಫಿ ಕೊಟ್ಟಳು. ಟ್ಯಾಂಕನ್ನು ಪಕ್ಕಕ್ಕೆ ಮಲಗಿಸಿ ಇಬ್ಬರೂ ಆ ಕಾಫಿ ಕುಡಿದರು. ಎತ್ತಿದಾಗ ಮೇಜಿನ ಮೇಲೆ ಒಂದು ಹನಿ ಹೊಳೆಯುತ್ತಿತ್ತು.

"ಸೋರ್ತಿದೆ ಮೇಸ್ತ್ರಿ," ಎಂದ ಅರ್ಗಿರಿಸ್, ಹೆದರುತ್ತಾ.

ಜೀಸಿಮೋಸ್ ಹನಿಯನ್ನು ಬೆರಳಲ್ಲಿ ತೆಗೆದು ನೋಡಿದ. ಟ್ಯಾಂಕನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಬಂದಾಗಿನಿಂದ ಮೊದಲ ಸಲ ಅವನ ಮುಖ ಅರಳಿತು.

"ಗಾಳಿಕಿಂಡಿ ಹತ್ರ," ಎಂದ. "ಮಲಗಿಸಿದಾಗ ಮಾತ್ರ. ನಾನು ಯಾವತ್ತೂ ಮಲಗಿಸ್ಲೇ ಇಲ್ಲ, ನಂದು ಯಾವಾಗಲೂ ಬೆಂಚಿನ ಮೇಲೆ ನಿಂತೇ ಇರುತ್ತೆ." ಅರ್ಗಿರಿಸನ ಬೆನ್ನಿಗೆ ಅಂಗೈಯಿಂದ ಒಂದು ಹೊಡೆದ. ಕನ್ನಡಕ ಮೂಗಿನಿಂದ ಜಾರಿತು. "ಇದು ದೋಷ. ಇದನ್ನ ನಾನು ಸರಿಮಾಡಬಲ್ಲೆ. ಕಡಲೆನ ಏನು ಮಾಡ್ಲಿ ಹೇಳಿ?"

ಅವನ ಬಸ್ಸು ಸಂಜೆಗಿತ್ತು. ಸ್ಮಾರೋ ಹಾಗೇ ಕಳಿಸುವುದು ಚೆನ್ನಾಗಿರುವುದಿಲ್ಲ ಎಂದಳು. ನಾಲ್ವರೂ ಸಮುದ್ರದ ದಂಡೆಯ ಒಂದು ಚಿಕ್ಕ ಅಂಗಡಿಯ ಹೊರಗೆ ಕೂತು ತ್ಸಿಪುರೋ ಎಂಬ ದ್ರಾಕ್ಷಿ ಸಾರಾಯಿ ತರಿಸಿದರು. ಗುಟುಕು ಗಂಟಲು ಸುಡುತ್ತಾ ಇಳಿದದ್ದು ಅರ್ಗಿರಿಸನಿಗೂ ಗೊತ್ತಾಯಿತು. ಪ್ರತಿ ಸುತ್ತಿಗೂ ಹೊಸ ತಟ್ಟೆ ಬಂತು. ಸುಟ್ಟ ಆಕ್ಟೋಪಸ್, ಹುಳಿ ಹಾಕಿದ ಬೂತಾಯಿ ಮೀನು. ಸಿಗಡಿಯಲ್ಲಿ ನಿಂಬೆ ಸಾಲದು ಎಂದು ಸ್ಮಾರೋ ಅಂದಾಗ ಮಿಕ್ಕವರು ಸುಮ್ಮನೆ ನಿಂಬೆ ಹಿಂಡಿಕೊಂಡರು. ಬಳಗದಿಂದ ಉತ್ತರಗಳು ಬರತೊಡಗಿದ್ದವು. ಒಬ್ಬ ಅರ್ಗಿರಿಸನನ್ನು ಮೋಸಗಾರ ಎಂದಿದ್ದ. ಇನ್ನೊಬ್ಬ, ಯಾರು ಏನೇ ಹೇಳಲಿ, ತನಗೆ ಕಡಲೆ ಬಂದದ್ದು ನಿಜ, ಅದಿಲ್ಲದ ಗೊರ್ಗೋನಾ ತನಗೆ ಬೇಡ ಎಂದಿದ್ದ. ಎವಾಂಥಿಯಾ ಅವರು ಮುಂದೆ ಯಾವಾಗ ಬರೆಯುತ್ತಾರೆ ಎಂದು ಮೂರನೆಯವನ ಪ್ರಶ್ನೆ. ಅರ್ಗಿರಿಸ್ ಅದನ್ನು ಅತ್ತೆಗೆ ಓದಿ ಹೇಳಿ, ಫೋನನ್ನು ಜೇಬಿಗೆ ಹಾಕಿಕೊಂಡ. ಅವಳು ಕೂದಲು ಸರಿಮಾಡಿಕೊಂಡಳು.

ಜೀಸಿಮೋಸ್ ತಟ್ಟೆಗಳನ್ನು ಒತ್ತರಿಸಿ ಜಾಗ ಮಾಡಿದ. ಕಾಗದದ ಕರವಸ್ತ್ರವೊಂದನ್ನು ಬಿಡಿಸಿ ಹರಡಿ, ತುಂಬಿದ ಗೊರ್ಗೋನಾವನ್ನು ಅದರ ಮೇಲೆ ಪಕ್ಕಕ್ಕೆ ಮಲಗಿಸಿದ. "ಎಷ್ಟು ಹೊತ್ತಿಗೆ ಬರುತ್ತೆ ನೋಡೋಣ," ಎಂದ. ಗಾಳಿಗೆ ಕಾಗದದ ಅಂಚು ಏಳುತ್ತಿದ್ದದ್ದನ್ನು ಎವಾಂಥಿಯಾ ಬೆರಳಿನಿಂದ ಒತ್ತಿ ಹಿಡಿದಳು. ಮಾಣಿ ಮುಂದಿನ ತಟ್ಟೆ ಹಿಡಿದುಕೊಂಡು ಬಂದವನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಬಂದರಿನಲ್ಲಿ ದೀಪಗಳು ಹತ್ತಿದವು. ನಾಲ್ಕು ತಲೆಗಳೂ ಮೇಜಿನ ಮೇಲೆ ಬಾಗಿದ್ದವು. ಆ ಸಣ್ಣ ಕಿಂಡಿಯ ತುದಿಯಲ್ಲಿ ಒಂದು ಹನಿ ಮೆಲ್ಲಗೆ ದುಂಡಗಾಗುತ್ತಿತ್ತು.