ಭಾರದ್ದೋ ಹಗುರದ್ದೋ

"ಇದನ್ನ ಎತ್ತಿ ನೋಡು," ಎಂದ ಗಂಡ.

ಶೆಡ್ಡಿನ ನೆಲದಲ್ಲಿ ಗೋಣಿಚೀಲದ ಮೇಲೆ ಎರಡು ಫ್ಲೈವೀಲುಗಳಿದ್ದವು. ಹೆಂಡತಿ, ಊರವರಿಗೆ ಕಾರು ಕಲಿಸುವ ಟೀಚರಮ್ಮ, ಬಗ್ಗಿ ಎತ್ತಿದಳು. ಮೊದಲನೆಯದು ಒಂದೇ ಕೈಗೆ ಬಂತು. ಎರಡನೆಯದಕ್ಕೆ ಎರಡೂ ಕೈ ಬೇಕಾಯಿತು, ಸೊಂಟವೂ ಗೊಣಗಿತು.

"ಹಗುರದ್ದು ಹಾಕಿದ್ರೆ ಎಂಜಿನ್‌ಗೆ ಜೀವ ಬರುತ್ತೆ ಕಣೇ. ಕಾಲಿಟ್ರೆ ಸಾಕು, ಜಿಗಿಯುತ್ತೆ."

"ಕಾಲು ತೆಗೆದ್ರೆ?"

"ಸ್ಪೀಡು ತಕ್ಷಣ ಇಳಿಯುತ್ತೆ."

"ನನ್ನ ಹತ್ರ ಕಲಿಯೋರು ಕಾಲು ಇಡೋಕಿಂತ ತೆಗೆಯೋದೇ ಜಾಸ್ತಿ ರೀ. ಅದು ಡ್ರೈವಿಂಗ್ ಸ್ಕೂಲ್ ಕಾರು, ಜಿಂಕೆ ಅಲ್ಲ."

ಎಂಜಿನ್ನಿಗೂ ಕ್ಲಚ್ಚಿಗೂ ನಡುವೆ ತಿರುಗುವ ಈ ಚಕ್ರ ಭಾರವಾಗಿದ್ದಷ್ಟೂ ಕಲಿಯುವವರಿಗೆ ಕ್ಷೇಮ. ಕ್ಲಚ್ಚನ್ನು ಎಡವಟ್ಟಾಗಿ ಬಿಟ್ಟರೂ ಅದು ತನ್ನ ಓಟದಲ್ಲೇ ಎಂಜಿನ್ನನ್ನು ಸಂಭಾಳಿಸುತ್ತದೆ. ಹಗುರದ್ದಕ್ಕೆ ಅಷ್ಟು ತಾಳ್ಮೆಯಿಲ್ಲ. ಅದು ಬೇಕಾಗುವುದು ರೇಸಿನವರಿಗೆ. ಗಂಡನೂ ಒಂದು ಕಾಲಕ್ಕೆ ರೇಸಿನವನೇ. ಬೆಟ್ಟದ ತಿರುವಿನಲ್ಲಿ ಕಾರು ಮಗುಚಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ. ಎದ್ದ ದಿನ, ಇನ್ನು ರೇಸಿನ ಸಹವಾಸವೇ ಬೇಡ ಎಂದು ಹೆತ್ತ ತಾಯಿಯ ಮೇಲೆ ಆಣೆಯಿಟ್ಟಿದ್ದ.

"ಸರಿ ಬಿಡು. ಭಾರದ್ದೇ ಹಾಕ್ತೀನಿ," ಎಂದ.

ಅಷ್ಟು ಬೇಗ ಒಪ್ಪಿದ್ದೇ ಅವಳಿಗೆ ಕಸಿವಿಸಿ. ಸಾರಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದಕ್ಕೂ ಕೈಕಾಲು ಆಡಿಸಿ ವಾದಿಸುವ ಮನುಷ್ಯ! ಮಾರನೆಯ ದಿನ ಶೆಡ್ಡಿನ ಬಾಗಿಲು ಹಾಕಿಕೊಂಡು ಕೆಲಸ ಮಾಡಿದ. ಹಿಂದೆಂದೂ ಹಾಕಿಕೊಂಡವನಲ್ಲ.

ಅತ್ತೆ ಬೇರೆ ಬೆಂಕಿಗೆ ತುಪ್ಪ ಸುರಿದರು. "ಫೋನಲ್ಲಿ ಯಾರ ಹತ್ರಾನೋ ಪಿಸುಪಿಸು ಅಂತಿದ್ದ ಕಣಮ್ಮ. ನಾನು ಹೋದ ತಕ್ಷಣ ಇಟ್ಬಿಟ್ಟ. ನೀನು ಸುಮ್ನೆ ತಲೆಗೆ ಹುಳ ಬಿಟ್ಕೋಬೇಡ."

ಹುಳ ಬಿಟ್ಟವರೇ ಹೀಗೆಂದರೆ ಏನು ಮಾಡುವುದು?

ಸಂಜೆ ಅವನು ಸ್ನಾನಕ್ಕೆ ಹೋದಾಗ ಅವಳು ಶೆಡ್ಡಿಗೆ ನುಗ್ಗಿದಳು. ಗೋಣಿಚೀಲ ಖಾಲಿ. ಎರಡೂ ಚಕ್ರಗಳಿಲ್ಲ. ಒಂದು ಕಾರಿನೊಳಗಿದೆ, ಸರಿ, ಯಾವುದು? ಪಕ್ಕದ ಸೀಟು ಅಭ್ಯಾಸವಾಗಿದ್ದವಳು ಅಪರೂಪಕ್ಕೆ ಸ್ಟಿಯರಿಂಗ್ ಮುಂದೆ ಕುಳಿತಳು. ಕಂಡುಹಿಡಿಯುವುದು ಅವಳಿಗೆ ಕಷ್ಟವಲ್ಲ. ಎಕ್ಸಲರೇಟರ್ ಮುಟ್ಟದೆ ಕ್ಲಚ್ಚನ್ನು ಮೆಲ್ಲಗೆ ಬಿಟ್ಟರೆ ಭಾರದ ಚಕ್ರ ಕಾರನ್ನು ತಾನೇ ಎಳೆದುಕೊಂಡು ಹೋಗಬೇಕು. ಹಗುರದ್ದಾದರೆ ಎಂಜಿನ್ ಆಫ್.

ಸ್ಟಾರ್ಟ್ ಮಾಡಿ ಮೊದಲ ಗೇರಿಗೆ ಹಾಕಿದಳು. ಕ್ಲಚ್ಚಿನಿಂದ ಮೆಲ್ಲಗೆ ಪಾದ ಎತ್ತಿದಳು. ಕಾರು ಒಮ್ಮೆ ಕೆಮ್ಮಿ ಸತ್ತೇಹೋಯಿತು. ಇನ್ನೊಮ್ಮೆ ನೋಡಿದಳು. ಮತ್ತೆ ಅದೇ ಕಥೆ.

"ರೀ! ಬನ್ನಿ ಇಲ್ಲಿ!"

ಒದ್ದೆ ತಲೆಯಲ್ಲೇ ಓಡಿ ಬಂದ. ಹಿಂದೆ ಅತ್ತೆ.

"ಹಗುರದ್ದೇ ಹಾಕಿದ್ದೀರ! ನನ್ನ ಕಣ್ಣಿಗೆ ಮಣ್ಣೆರಚಿದ್ದು ಹಾಳಾಗ್ಲಿ, ಹೆತ್ತ ತಾಯಿ ಮೇಲೆ ಇಟ್ಟ ಆಣೆ ಏನಾಯ್ತು? ಭಾನುವಾರ ರೇಸಿಗೆ ಅಂತ ಯಾವ ಬೆಟ್ಟಕ್ಕೆ ಹೊರಟಿದ್ದೀರಿ?" ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಆ ಆಸ್ಪತ್ರೆಯ ಬೆಂಚಿನ ಮೇಲೆ ಇನ್ನೊಮ್ಮೆ ಕೂರುವ ಶಕ್ತಿ ಅವಳಲ್ಲಿರಲಿಲ್ಲ.

ಅವನು ಕಿಟಕಿಯೊಳಗೆ ಕೈ ತೂರಿಸಿ, ಅವಳ ಮಡಿಲ ಮೇಲಿಂದ ಬಗ್ಗಿ, ಹ್ಯಾಂಡ್‌ಬ್ರೇಕ್ ಇಳಿಸಿದ.

"ಈಗ ಬಿಡು ಕ್ಲಚ್ಚು."

ಅವಳ ಮುಖ ಕೆಂಪಾಯಿತು. ದಿನಬೆಳಗಾದರೆ ಊರವರಿಗೆಲ್ಲ 'ಹ್ಯಾಂಡ್‌ಬ್ರೇಕ್, ಹ್ಯಾಂಡ್‌ಬ್ರೇಕ್' ಎಂದು ಗಂಟಲು ಹರಿದುಕೊಳ್ಳುವವಳು! ಹೇಳಿ ಹೇಳಿ, ಅದನ್ನು ಇಳಿಸುವುದು ಪಕ್ಕದವರ ಕೆಲಸ ಎಂದೇ ಆಗಿಹೋಗಿತ್ತು. ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ಟಳು. ಕಾರು ಕಿಂಚಿತ್ತೂ ಗೊಣಗದೆ ತನ್ನಷ್ಟಕ್ಕೆ ಮುಂದೆ ಸರಿಯಿತು.

ಅತ್ತೆ ಮೆಲ್ಲಗೆ ಒಳಗೆ ಜಾರಿಕೊಂಡರು.

ಬ್ರೇಕ್ ಒತ್ತಿ ನಿಲ್ಲಿಸಿದಳು. ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಹಾಗಾದ್ರೆ ಹಗುರದ್ದು ಎಲ್ಲಿ?"

ಅವನು ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿಕೊಂಡ.

"ಹಳೇ ದೋಸ್ತಿಗೆ ಫೋನ್ ಮಾಡಿ ಕೊಟ್ಬಿಟ್ಟೆ. ಇಲ್ಲೇ ಇದ್ರೆ ಮನಸ್ಸು ಎಳೆಯುತ್ತೆ. ಹೆಲ್ಮೆಟ್ಟೂ ಕೊಟ್ಟೆ. ಅದನ್ನೆಲ್ಲ ಕಟ್ಟೋದು ಯಾರೂ ನೋಡೋದು ಬೇಡ ಅಂತ ಬಾಗಿಲು ಹಾಕ್ಕೊಂಡಿದ್ದೆ."

ಅವಳಿಗೆ ನಾಚಿಕೆಯಾಯಿತು, ಅವನ ಒದ್ದೆ ತಲೆ ಒರೆಸಬೇಕೆನ್ನಿಸಿತು. ಆದರೆ ಕಣ್ಣು ಅಷ್ಟರಲ್ಲೇ ಅವನ ಭುಜದಾಚೆ, ಶೆಡ್ಡಿನೊಳಗೆ ರೇಸಿನ ಹೆಲ್ಮೆಟ್ ಇರುತ್ತಿದ್ದ ಹಲಗೆಯತ್ತ ಹೋಗಿಯಾಗಿತ್ತು. ಅಲ್ಲಿ ಹೆಲ್ಮೆಟ್ ಇರಲಿಲ್ಲ.

ಅವಳ ಕಣ್ಣು ಎಲ್ಲಿಗೆ ಹೋಯಿತೆಂದು ಅವನೂ ತಿರುಗಿ ನೋಡಿದ. ಅನುಮಾನವಿದ್ದರೆ ಓಡಿಸಿಯೇ ನೋಡಲಿ ಎಂಬಂತೆ ಹೋಗಿ ಗೇಟು ತೆರೆದು, ಕಾರು ದಾಟಲೆಂದು ಗೋಡೆಗೆ ಒತ್ತಿ ನಿಂತ.