ಏನೂ ಹಚ್ಚಿಕೊಳ್ಳದವಳು

ಲ್ಯಾಬಿನ ಹೊರಗಿನ ಮೆಟ್ಟಿಲು ಒರೆಸಿದ್ದಾರೆ, ಒದ್ದೆ ಇನ್ನೂ ಆರಿಲ್ಲ, ಮಲ್ಲಿಗೆಯ ವಾಸನೆ — ಎಲ್ಲಿಯ ಮಲ್ಲಿಗೆ, ಬಳ್ಳಿಯ ಮುಖ ನೋಡದೆ ಡಬ್ಬಿಯಲ್ಲೇ ಹುಟ್ಟಿದ ಮಲ್ಲಿಗೆ — ಮೂಗಿಗೆ ಬಡಿದದ್ದೇ ತಡ ಅವಳ ಮೈಯೆಲ್ಲ ಉರಿದುಹೋಯಿತು. ಕೆಳಗೆ ಗೇಟಿನ ಹತ್ತಿರ ಅಮ್ಮ ಮಗುವನ್ನು ಎತ್ತಿಕೊಂಡು ಕಾಯುತ್ತಿದ್ದಾಳೆ, ಮಧ್ಯಾಹ್ನದ ಹಾಲಿನ ಹೊತ್ತು, ಎದೆ ಕಲ್ಲಿನಂತೆ ಬಿಗಿದಿದೆ, ಕುಡಿಸುವುದೋ ಬೇಡವೋ, ಇವತ್ತು ಬೆಳಿಗ್ಗೆಯವರೆಗೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಈ ಲ್ಯಾಬಿಗೆ ಸೇರಿದಾಗಿನಿಂದ ಒಂದು ಚಿಟಿಕೆ ಪೌಡರ್ ಮುಟ್ಟಿದವಳಲ್ಲ, ಸೆಂಟಿಲ್ಲ, ತಲೆಗೆ ಸಪ್ಪೆ ಎಣ್ಣೆ, ಬಟ್ಟೆಗೆ ಸಪ್ಪೆ ಸಾಬೂನು, ಇಲ್ಲಿನ ಕಟ್ಟುನಿಟ್ಟು ಅದು, ಮೀನಿನ ಕೊಬ್ಬಿನಲ್ಲಿ ಸುಗಂಧದ ರಾಸಾಯನಿಕ ಹುಡುಕುವವರ ಮೈಯೇ ಘಮಘಮ ಅಂದರೆ ಮೀನಿನದು ಯಾವುದು, ನಮ್ಮದು ಯಾವುದು. ಸ್ವಂತ ಮದುವೆಯಲ್ಲೂ ಹಾಗೇ ನಿಂತಿದ್ದಳು, ಅತ್ತಿಗೆ ಕಿವಿಯ ಹತ್ತಿರ ಬಂದು, ಏನೇ ಇದು, ಮದುಮಗಳು ಅಂದ್ರೆ ಸ್ವಲ್ಪನಾದ್ರೂ ಘಮ ಅನ್ಬೇಡ್ವಾ, ಆಸ್ಪತ್ರೆ ಹತ್ತಿ ಇದ್ದಂಗಿದ್ದೀಯ, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗಲಿ ಬಿಡು, ನನ್ನ ಮೈಯಾದರೂ ಚೊಕ್ಕ.

ಚೊಕ್ಕವಂತೆ ಚೊಕ್ಕ. ಮೀನಿನದರ ಜೊತೆ ಹೋಲಿಸಿ ನೋಡಲು ಕಲಬೆರಕೆಯಿಲ್ಲದ ಕೊಬ್ಬು ಬೇಕಿತ್ತು, ಅಂಗಡಿಯದು ಯಾವುದನ್ನೂ ನಂಬುವಂತಿರಲಿಲ್ಲ, ಕೇಳಿದ್ದು ಮೇಲ್ವಿಚಾರಕ, ಎಲ್ಲದಕ್ಕೂ ಮೆಲ್ಲಗೆ ಮೆಲ್ಲಗೆ ಅನ್ನುವುದಕ್ಕೆ ಲ್ಯಾಬಿನವರೆಲ್ಲ ಹಿಂದಿನಿಂದ ಮೆಲ್ಲಗಪ್ಪ ಎಂದು ಕರೆಯುವ ಆ ಮನುಷ್ಯ, ನಿಮ್ಮ ಹಾಲೇ ಸ್ವಲ್ಪ ಕೊಡಿ ಅಮ್ಮಾ, ಅದರಲ್ಲೂ ಕೊಬ್ಬಿದೆಯಲ್ಲ, ನಿಮಗಿಂತ ಶುದ್ಧ ಇಲ್ಲಿ ಯಾರಿದ್ದಾರೆ — ಅವಳು ಹಿಗ್ಗಿದ್ದಳು, ನಾಚಿಕೆ ಬಿಟ್ಟು ಹಿಗ್ಗಿದ್ದಳು, ಗಾಜಿನ ಸೀಸೆಯಲ್ಲಿ ತಾನೇ ಹಿಂಡಿ ತಂದಿದ್ದಳು. ಬೆಳಿಗ್ಗೆ ಯಂತ್ರದ ಪರದೆಯ ಮೇಲೆ ಸಪಾಟಾಗಿ ಸಾಗಬೇಕಾಗಿದ್ದ ಅವಳ ಹಾಲಿನ ಗೆರೆ, ಸುಗಂಧದ ರಾಸಾಯನಿಕಕ್ಕೆ ಮೀನಿನದು ಎಲ್ಲಿ ಎದ್ದಿತ್ತೋ ಅದೇ ಜಾಗದಲ್ಲಿ, ಎದ್ದು ನಿಂತಿತು. ಮೆಲ್ಲಗಪ್ಪ ಅವಳ ಮುಖ ನೋಡಲಿಲ್ಲ. ನೀವು ಏನೋ ಹಚ್ಕೊಂಡು ಬಂದಿದ್ದೀರಿ. ಇಲ್ಲ ಸಾರ್. ನೆನಪು ಮಾಡ್ಕೊಳ್ಳಿ, ಕ್ರೀಮೋ ಏನೋ. ಇಲ್ಲ ಅಂದೆನಲ್ಲ ಸಾರ್. ಮೆಲ್ಲಗೆ, ಮೆಲ್ಲಗೆ, ಅದನ್ನ ಚೆಲ್ಲಿಬಿಡಿ, ಬೇರೆ ಯಾರದಾದ್ರೂ ನೋಡೋಣ. ಬೇರೆ ಯಾರದು, ಯಾರ ಮೈಯಲ್ಲಿಲ್ಲ ತೋರಿಸಿ ಎಂದು ಮೇಜು ಗುದ್ದಿ ಕೇಳಬೇಕಿತ್ತು, ಚೆಲ್ಲಬೇಕಂತೆ, ಎಲ್ಲಿಗೆ, ಇಲ್ಲಿ ಚೆಲ್ಲಿದರೆ ಮೋರಿ, ಮೋರಿಯಿಂದ ಹೊಳೆ, ಹೊಳೆಯಿಂದ ಮೀನು, ಮೀನಿನಿಂದ ಮತ್ತೆ ನನ್ನ ತಟ್ಟೆಗೇ. ಎಲ್ಲಿಂದ ಅಂಟಿತೋ ಇದು, ಬಸ್ಸಿನಲ್ಲಿ ಒರಗಿದ ಪಕ್ಕದವಳ ಹೆಗಲು, ಗಂಡನ ಅಂಗಿಯ ಕಾಲರು, ಯಾರನ್ನೆಂದು ಬೈಯುವುದು — ಇಲ್ಲ, ಇವರನ್ನಲ್ಲ, ಡಬ್ಬಿ ತುಂಬಿ ಮಾರಿದವರನ್ನು, ಒಳಗೆ ಏನೇನಿದೆ ಎಂದು ಬಾಯಿಬಿಡದೆ ಬರೀ ಸುಗಂಧ ಎಂದು ಅಚ್ಚು ಹಾಕಿಸಿ ಕೈತೊಳೆದುಕೊಂಡವರನ್ನು, ಅವರ ಮನೆ ಹಾಳಾಗ, ಅವರ ಮನೆಯಲ್ಲೂ ಹಸುಗೂಸುಗಳಿಲ್ಲವೇ, ನುಂಗುವಾಗ ಆ ಪುಟ್ಟ ಗಂಟಲು ಏರಿ ಇಳಿಯುವುದನ್ನು ಅವರು ಕಂಡೇ ಇಲ್ಲವೇ. ಮಕ್ಕಳ ಡಾಕ್ಟರಮ್ಮನಿಗೆ ಫೋನು ಮಾಡಿದರೆ, ಕುಡಿಸಮ್ಮ, ಯೋಚನೆ ಮಾಡ್ಬೇಡ, ಈಗಲೂ ಅದಕ್ಕಿಂತ ಒಳ್ಳೇದು ಮಗುಗೆ ಬೇರೆ ಇಲ್ಲ. ಈಗಲೂ ಅಂತೆ. ಸಮಾಧಾನಕ್ಕೆಂದು ಹೇಳಿದ ಆ ಮಾತಿಗೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು, ಇರುವುದರಲ್ಲೆಲ್ಲ ಒಳ್ಳೆಯದೇ ಇದಾದರೆ ಉಳಿದದ್ದರ ಗತಿಯೇನು.

ಗೇಟಿನ ಬಳಿಯ ಬೆಂಚಿನಿಂದ ಅಮ್ಮ ಏಳುತ್ತಾಳೆ, ಬಾ ಬಾ, ಹಸಿದು ಒಂದೇ ರಂಪ, ನೋಡು ನನ್ನ ಬಂಗಾರನ್ನ, ಒಗೆದ ಮೇಲೆ ಆ ನೀಲಿ ಬಾಟ್ಲಿ ಸೆಂಟಿನ ನೀರಲ್ಲಿ ಅದ್ದಿ ಒಣಗಿಸಿದ್ದೀನಿ ಅಂಗೀನ, ಹೆಂಗೆ ಘಮ ಅಂತಾನೆ — ಎಷ್ಟು ಸಲ ಹೇಳೋದಮ್ಮಾ ನಿನಗೆ, ಮಾತು ನಾಲಿಗೆಯ ತುದಿಗೆ ಬಂತು, ಅಮ್ಮನ ಬೆರಳುಗಳು ಒಗೆದೊಗೆದು ಬಿಳಿಚಿ ಸುಕ್ಕುಗಟ್ಟಿವೆ, ಮಗು ಚೆನ್ನಾಗಿರಲಿ ಎಂದೇ ಅದ್ದಿದವಳು, ಬೇಡ ಅಂದದ್ದು ಯಾಕೆಂದು ಇವಳಿಗೆ ಗೊತ್ತಿರಲಿಲ್ಲ, ಗೊತ್ತಿದ್ದ ನಾನೇನು ಉಳಿದೆ. ಮಗುವಿನ ಅಂಗಿ ಕಳಚಿ ಬೆಂಚಿನ ಮೇಲೆ ಬಿಸಾಡುತ್ತಾಳೆ, ಅಯ್ಯೋ ಯಾಕೇ, ಚಳಿ ಆಗುತ್ತೆ ಮಗೂಗೆ, ಸುಮ್ನಿರಮ್ಮ, ಸೆರಗಿನೊಳಗೆ ಬರಿಮೈಯ ಕೂಸು ತಡಕಾಡುತ್ತದೆ, ಅವಳಿನ್ನೂ ತೀರ್ಮಾನಿಸಿಯೇ ಇಲ್ಲ, ಹಾಲು ಅವಳ ತೀರ್ಮಾನಕ್ಕೆ ಕಾಯದೆ ಇಳಿಯುತ್ತಿದೆ, ಎಳೆದು ಬಿಡಿಸಬಹುದು, ಬಿಡಿಸಿ ಏನು ಕೊಡುವುದು, ಮೆಲ್ಲಗಪ್ಪನನ್ನು ಇಲ್ಲಿಗೆ ಎಳೆದು ತಂದು ನಿಲ್ಲಿಸಿ ಚೆಲ್ಲು ಅನ್ನಬೇಕು, ಇದನ್ನು ಚೆಲ್ಲು ನೋಡೋಣ — ಮಗು ಕಣ್ಣು ಮುಚ್ಚಿದೆ, ಅವಳನ್ನು ಪೂರ್ತಿ ನಂಬಿ ನುಂಗುತ್ತಿದೆ, ಆ ಪುಟ್ಟ ಗಂಟಲು ಏರುತ್ತದೆ, ಇಳಿಯುತ್ತದೆ, ಏರುತ್ತದೆ